ಎಡಗಡೆ ಕುದುರೆಗೆ ಒಂದು ಜೋಡಿ

ಕುದುರೆ ಇಟ್ಟವರ ಪಕ್ಕದ ಮನೆಯಲ್ಲಿದ್ದರೆ ಇಂಥವು ಆಗುತ್ತಲೇ ಇರುತ್ತವೆ. ನಾನು ಶೆಟ್ಟಿಹಳ್ಳಿಯಲ್ಲಿ ಮನೆ ಮಾಡಿಕೊಂಡಿರುವ ಹೈಸ್ಕೂಲು ಗಣಿತದ ಮೇಷ್ಟ್ರು. ಪಕ್ಕದ ಮನೆಯ ಸಾಹೇಬರು ಮದುವೆಗಳಿಗೆ ಜೋಡಿ ಕುದುರೆಯ ಸಾರೋಟು ಓಡಿಸುವವರು.

ಅದೊಂದು ಮಾಮೂಲಿ ಮಂಗಳವಾರ. ಎಂಟನೇ ತರಗತಿಯ ಕಿರುಪರೀಕ್ಷೆಯ ಕಟ್ಟು ಕಂಕುಳಲ್ಲಿಟ್ಟುಕೊಂಡು ಗೇಟು ತೆಗೆಯುತ್ತಿದ್ದೆ. ಕಾಂಪೌಂಡಿನಾಚೆ ಸಾಹೇಬರು ನಿಂತಿದ್ದರು. "ಬಲಗಡೇದು ಹೋಯ್ತು ಮೇಷ್ಟ್ರೇ," ಎಂದರು. ಬೆಳಿಗ್ಗೆ ಕುದುರೆಗೆ ಹೊಟ್ಟೆನೋವು ಶುರುವಾಗಿ ಮಧ್ಯಾಹ್ನಕ್ಕೆಲ್ಲ ಮುಗಿದಿತ್ತು. ನನ್ನ ಹೆಂಡತಿ ತೀರಿಕೊಂಡು ಆಗ ಏಳು ತಿಂಗಳು. ಜನ ನನಗೆ ಹೇಳಿದ್ದ ಸಮಾಧಾನದ ಮಾತುಗಳಲ್ಲಿ ಒಂದನ್ನು ಅವರಿಗೆ ಹೇಳೋಣವೆಂದು ಹುಡುಕಿದೆ. ಒಂದೂ ಹೇಳುವಂತಿರಲಿಲ್ಲ. ಕಾಂಪೌಂಡು ಸುತ್ತಿ ಅವರ ಲಾಯಕ್ಕೆ ಹೋದೆ.

ಉಳಿದದ್ದು ಎಡಗಡೆಯ ಚಾಂದ್. ಹನ್ನೊಂದು ವರ್ಷ ಜೊತೆಯಲ್ಲೇ ಎಳೆದ ಕುದುರೆ. ಈಗ ಒಂಟಿಯಾಗಿ ಕಟ್ಟಿದರೆ ಕದಲುತ್ತಿರಲಿಲ್ಲ, ಹಾಕಿದ ಮೇವಿನಲ್ಲಿ ಅರ್ಧ ಬಿಡುತ್ತಿತ್ತು.

"ಎರಡು ತಿಂಗಳಿಗೆ ಮಗಳ ಮದುವೆ," ಎಂದರು ಸಾಹೇಬರು. "ಅಷ್ಟರೊಳಗೆ ಜೋಡಿ ಕೂಡಿದ್ರೆ ಸರಿ. ಇಲ್ಲಾಂದ್ರೆ ಇದನ್ನೂ ಯಾರಿಗಾದ್ರೂ ಕೊಟ್ಬಿಡ್ತೀನಿ. ಹಿಂಗೆ ಒಂಟಿಯಾಗಿ ನಿಂತಿರೋದನ್ನ ದಿನಾ ನೋಡಕ್ಕಾಗಲ್ಲ ನನ್ ಕೈಲಿ."

ನನ್ನ ಮುಖ ನೋಡಿದರು. "ನಿಮ್ಮನ್ನಲ್ಲ ಮೇಷ್ಟ್ರೇ. ಕುದುರೇನ."

ಅಳತೆ

ಕುಣಿಗಲ್ ಕಡೆ ರೇಸು ಬಿಟ್ಟ ಬಿಳಿ ಕುದುರೆಯೊಂದು ಇದೆಯೆಂದು ದಳ್ಳಾಳಿ ಹೇಳಿಕಳಿಸಿದ. "ಬಣ್ಣ ನಾನು ನೋಡ್ತೀನಿ, ಅಳತೆ ನೀವು ನೋಡಿ. ದಳ್ಳಾಳಿ ಹೇಳೋ ಇಂಚು ಬೇರೆ, ಮೇಷ್ಟ್ರು ಹೇಳೋ ಇಂಚು ಬೇರೆ," ಎಂದು ಸಾಹೇಬರು ನನ್ನನ್ನು ಹೊರಡಿಸಿದರು.

ಮನೆಯಲ್ಲಿದ್ದದ್ದು ಹೆಂಡತಿಯ ಹೊಲಿಗೆ ಟೇಪು. ಅದರ ಉದ್ದ ಅರವತ್ತು ಇಂಚು. ಚಾಂದ್ ನೆಲದಿಂದ ಹೆಗಲಿಗೆ ಅರವತ್ತೊಂದೂವರೆ. ಉಳಿದ ಒಂದೂವರೆಯನ್ನು ಸ್ಕೇಲಿನಲ್ಲಿ ಅಳೆದು ಬರೆದುಕೊಂಡೆ. ಕುಣಿಗಲ್ಲಿನ ಕುದುರೆಯನ್ನು ಮೂರು ಸಲ ಅಳೆದೆ. ಮೂರು ಸಲವೂ ಅರವತ್ತೊಂದೂವರೆ. ಕಾಲಿಂಚೂ ವ್ಯತ್ಯಾಸವಿಲ್ಲ. ನನಗೆ ಹೆಮ್ಮೆಯಾಯಿತು. ದಳ್ಳಾಳಿಗೆ ಇನ್ನೂ ಹೆಚ್ಚು ಸಂತೋಷವಾದಂತೆ ಕಂಡಿತು. ಕಾರಣ ಆಗ ತಿಳಿಯಲಿಲ್ಲ.

ಕೊಂಡು ತಂದ ಮರುದಿನ ಲಾಳ ಹೊಡೆಯುವವರು ಬಂದು ಹೊಸ ಕುದುರೆಯ ಕಾಲೆತ್ತಿ ನೋಡಿದರು. ದಳ್ಳಾಳಿ ಗೊರಸು ಕತ್ತರಿಸದೆ ತಿಂಗಳುಗಟ್ಟಲೆ ಬಿಟ್ಟಿದ್ದ. ಅವರು ಚೂರುಚೂರಾಗಿ ಕತ್ತರಿಸುತ್ತಾ ಹೋದರು, ಕುದುರೆ ನನ್ನ ಕಣ್ಣೆದುರೇ ಇಳಿಯುತ್ತಾ ಹೋಯಿತು. ಮತ್ತೆ ಟೇಪು ಹಿಡಿದೆ. ಮುಕ್ಕಾಲು ಇಂಚು ಕಡಿಮೆ.

"ಅಳತೆ ತಪ್ಪಾಗಿರಲಿಲ್ಲ," ಎಂದೆ.

"ಎಲ್ಲಿ ತಪ್ಪು ಸಾರ್," ಎಂದರು ಅವರು, ಗೊರಸಿನ ಚೂರುಗಳನ್ನು ಗುಡಿಸುತ್ತಾ. "ಹೆಣ್ಣು ನೋಡಕ್ಕೋದೋರು ಹೈ ಹೀಲ್ಸ್ ಬಿಚ್ಚಿಸಿ ಅಳೀಬೇಕಾಗಿತ್ತು, ಅಷ್ಟೆ."

ಎಣಿಕೆ

"ಎತ್ತರ ಬುಡಿ, ಹೆಜ್ಜೆ ಕೂಡಬೇಕು," ಎಂದರು ಸಾಹೇಬರು. ಒಂದು ಉದ್ದ ಹೆಜ್ಜೆ, ಇನ್ನೊಂದು ಗಿಡ್ಡ ಹೆಜ್ಜೆ ಆದರೆ ಎರಡರ ನಡುವಿನ ಮೂಕಿಮರ ಓರೆಯಾಗಿ ಒಂದೇ ಕುದುರೆ ಎಳೆದು ಸಾಯುತ್ತದಂತೆ. ಭಾನುವಾರ ಅಂತರಸನಹಳ್ಳಿಯ ಕಾರ್ಖಾನೆ ರಸ್ತೆಗಳು ಖಾಲಿ ಇರುತ್ತವೆಂದು ಎರಡನ್ನೂ ಹಳೆಯ ಗಾಡಿಗೆ ಕಟ್ಟಿ ಅಲ್ಲಿಗೆ ಹೋದೆವು. ನಿಮಿಷಕ್ಕೆ ಎಷ್ಟು ಹೆಜ್ಜೆ ಎಂದು ಎಣಿಸುವುದು ನನ್ನ ಕೆಲಸ.

ಚಾಂದ್ ತೊಂಬತ್ತೆಂಟು. ಹೊಸದು ನೂರ ಹತ್ತು. ಸಾಹೇಬರು ಲಗಾಮು ಹಿಡಿದು ಹೊಸದನ್ನು ನಿಧಾನಿಸಿ ನಿಧಾನಿಸಿ ನೂರ ಎರಡಕ್ಕೆ ತಂದರು. ಅಷ್ಟರಲ್ಲಿ ಭಾನುವಾರವೂ ನಡೆಯುವ ಒಂದು ಕಾರ್ಖಾನೆ ಸೈರನ್ ಊದಿತು.

ರೇಸಿನಲ್ಲಿ ಬೆಳೆದ ಕುದುರೆ ಅದನ್ನು ಏನೆಂದು ತಿಳಿಯಿತೋ ಗೊತ್ತಿಲ್ಲ. ನೂರ ನಲವತ್ತೆರಡರವರೆಗೆ ಎಣಿಸಿದ್ದು ನೆನಪಿದೆ. ಆಮೇಲೆ ಎರಡೂ ಕೈಯಲ್ಲಿ ಗಾಡಿ ಹಿಡಿದುಕೊಂಡದ್ದರಿಂದ ಪೆನ್ಸಿಲ್ ಎಲ್ಲಿ ಬಿತ್ತೋ ತಿಳಿಯಲಿಲ್ಲ. ಚಾಂದ್ ಬೇರೆ ದಾರಿಯಿಲ್ಲದೆ ಜೊತೆಗೆ ಓಡಿತು. "ರೋಕೋ! ನಿಲ್ಲೋ! ಅಯ್ಯೋ!" ಎಂದು ಸಾಹೇಬರು ತಮಗೆ ಬರುವ ಭಾಷೆಗಳಲ್ಲೆಲ್ಲ ಕೂಗಿದರು. ಗಾಡಿ ನಿಂತದ್ದು ಅದೇ ಕಾರ್ಖಾನೆಯ ಗೇಟಿನೆದುರು.

ಕಾವಲುಗಾರ ಸ್ಟೂಲಿನಿಂದ ಏಳಲಿಲ್ಲ. ಗಡಿಯಾರ ನೋಡಿಕೊಂಡ. "ಶಿಫ್ಟಿಗೆ ಇನ್ನೂ ಐದು ನಿಮಿಷ ಐತೆ ಸಾರ್. ಲೇಟ್ ಆಗಿಲ್ಲ, ನಿಧಾನಕ್ಕೆ ಬರ್ಬೋದಾಗಿತ್ತು."

ಮೊದಲ ಹೆಜ್ಜೆ

ಒಂದು ತಿಂಗಳು ಕಳೆಯಿತು. ಹೊರಡುವಾಗ ನಾನು ಲಗಾಮು ಹಿಡಿದು ಮುಂದಕ್ಕೆ ಎಳೆದುಕೊಡುತ್ತಿದ್ದೆ, ಎರಡೂ ನೂರಕ್ಕೆ ಬಂದು ನಿಂತವು. ಮೊದಲ ಬಾರಿಗೆ ಸಾರೋಟಿಗೇ ಕಟ್ಟಿ ಶೆಟ್ಟಿಹಳ್ಳಿ ರಸ್ತೆಗೆ ತಂದು, ಸಾಹೇಬರು ನಾಲಿಗೆಯಲ್ಲಿ ಟಕ್ ಎಂದರು. ಎರಡೂ ಕದಲಲಿಲ್ಲ. ಮತ್ತೆ ಟಕ್. ಹೊಸದು ಚಾಂದ್ ಕಡೆ ನೋಡಿತು. ಚಾಂದ್ ಹೊಸದರ ಕಡೆ ನೋಡಿತು. ಹಿಂದೆ ಎರಡು ಬಸ್ಸು, ಒಂದು ಹಾಲಿನ ವ್ಯಾನು, ಲೆಕ್ಕವಿಲ್ಲದಷ್ಟು ಬೈಕು ನಿಂತವು.

"ಏನ್ ಸಾಬ್ರೇ, ಫೋಟೋ ಶೂಟಾ?" ಎಂದ ಒಬ್ಬ ಆಟೋದವನು.

ಆಗ ಸಾಹೇಬರು ಹಣೆ ಹಿಡಿದುಕೊಂಡರು. ಹಳೆಯ ಜೋಡಿಯಲ್ಲಿ ಮೊದಲು ಕಾಲೆತ್ತುತ್ತಿದ್ದದ್ದು ಬಲಗಡೆಯದು. ಚಾಂದ್ ಹನ್ನೊಂದು ವರ್ಷ ಅದನ್ನು ನೋಡಿಕೊಂಡು ಹೆಜ್ಜೆ ಇಟ್ಟದ್ದು. ನಾವು ಹೊಸದಕ್ಕೆ ಇಡೀ ತಿಂಗಳು ಕಲಿಸಿದ್ದು, 'ಚಾಂದನ್ನ ನೋಡ್ಕೊಂಡು ನಡಿ' ಎಂದು. ಇಬ್ಬರು ವಿದ್ಯಾರ್ಥಿಗಳು, ಇಬ್ಬರೂ ಪಕ್ಕದವನ ಉತ್ತರ ನೋಡಿ ಬರೆಯುವವರು.

ನಮ್ಮ ಮನೆಯಲ್ಲೂ ಗೇಟು ಮೊದಲು ದಾಟುತ್ತಿದ್ದವಳು ನನ್ನ ಹೆಂಡತಿಯೇ. ನಾನು ಬೀಗ ಹಾಕಿ ಹಿಂದೆ ಹೋಗುತ್ತಿದ್ದೆ.

ಕೊನೆಗೆ ಸಾಹೇಬರು ನನ್ನ ಜೇಬಿಗೆ ಬೆಲ್ಲ ಹಾಕಿ ಮುಂದೆ ನಡೆಯಲು ಹೇಳಿದರು. ಎರಡೂ ಒಂದೇ ಹೆಜ್ಜೆಯಲ್ಲಿ ನನ್ನ ಹಿಂದೆ ಬಂದವು. ಅಂದಿನಿಂದ ದಿನಾ ಬೆಳಿಗ್ಗೆ ಹಾಗೆಯೇ ಸಾರೋಟಿನ ಮುಂದೆ ನಡೆದು ಸ್ಕೂಲಿಗೆ ಹೋದೆ. ಹೆಡ್‌ಮಾಸ್ಟರು ಮೂರನೆಯ ದಿನ ಗೇಟಿನ ಬಳಿ ಕಾದಿದ್ದರು. "ಸಂಬಳ ಬಂದಿದ್ದೇ ನಾವೂ ಒಂದು ಸ್ಕೂಟರ್ ತಗೊಂಡ್ವಿ ಮೇಷ್ಟ್ರೇ. ಅದರಲ್ಲಿ *ಕೂತ್ಕೊಂಡು* ಬರ್ತೀವಿ."

ಗುಬ್ಬಿಯ ಮದುವೆ

ಗಂಡಿನ ಕಡೆಯವರು ಗುಬ್ಬಿಯವರು. ಮದುವೆಯೂ ಅಲ್ಲೇ. ಮದುಮಗ ತನ್ನ ಮನೆಯಿಂದ ಶಾದಿ ಮಹಲಿನವರೆಗೆ ಮಾವನ ಸಾರೋಟಿನಲ್ಲಿ ಬರಬೇಕು. ಅಂದಿಗೂ ಕುದುರೆಗಳು ಬೆಲ್ಲವಿಲ್ಲದೆ ಹೊರಡುತ್ತಿರಲಿಲ್ಲ. "ಇವತ್ತೊಂದಿನ ನಡೀರಿ ಮೇಷ್ಟ್ರೇ. ನಾಳೆ ಚಾಂದನ್ನ ಕೇಳಿದೋರಿಗೆ ಹೂಂ ಅಂದ್ಬಿಡ್ತೀನಿ," ಎಂದರು ಸಾಹೇಬರು, ನನ್ನ ಕಡೆ ನೋಡದೆ. ಮಗಳು ಮಾತ್ರ, "ಬರೀ ತಲೇಲಿ ನಡೆದ್ರೆ ಚೆನ್ನಾಗಿರಲ್ಲ ಸರ್," ಎಂದು ನನಗೊಂದು ಜರಿ ಪೇಟ ತೊಡಿಸಿ ಕಳಿಸಿದ್ದಳು.

ಬ್ಯಾಂಡು ಮುಂದೆ, ನಾನು ಅದರ ಹಿಂದೆ, ನನ್ನ ಹಿಂದೆ ಸಾರೋಟು. ಮದುಮಗನ ಮುಖಕ್ಕೆ ಹೂವಿನ ಸೆಹ್ರಾ ಕಟ್ಟಿದ್ದರಿಂದ ಹೂವು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಮಹಲಿನ ಮೆಟ್ಟಿಲ ಮೇಲೆ ಹೆಣ್ಣಿನ ಕಡೆಯವರು ಕಾದಿದ್ದರು. ಸಾಹೇಬರ ಚಿಕ್ಕಮ್ಮ, ಎಂಬತ್ತು ದಾಟಿದವರು, ಎಲ್ಲರನ್ನೂ ಸರಿಸಿಕೊಂಡು ಇಳಿದು ಬಂದು ಗುಲಾಬಿಯ ದೊಡ್ಡ ಹಾರವನ್ನು ನನ್ನ ಕೊರಳಿಗೆ ಹಾಕಿದರು. ಗಲ್ಲ ಹಿಡಿದು ಎಡಕ್ಕೆ, ಬಲಕ್ಕೆ ತಿರುಗಿಸಿ ನೋಡಿದರು. ಆಮೇಲೆ ಲಗಾಮು ಹಿಡಿದು ಕೂತಿದ್ದ ಸಾಹೇಬರತ್ತ ತಿರುಗಿ, ನನಗೂ ಕೇಳಿಸಲೆಂದೋ ಏನೋ, ಕನ್ನಡದಲ್ಲೇ ಹೇಳಿದರು:

"ಹುಡುಗ ಗೌರ್ಮೆಂಟ್ ಕೆಲಸದಲ್ಲವ್ನೆ ಅಂದ್ರಿ, ಸರಿ. ರಿಟೈರ್ ಆಗೋ ಟೈಮ್ ಆಗೈತೆ ಅಂತ ಯಾಕ್ರೋ ಹೇಳ್ಲಿಲ್ಲ?"

ಬ್ಯಾಂಡಿನವರು ಬಾರಿಸುವುದನ್ನು ಬಿಟ್ಟು ನಕ್ಕರು. ಮದುಮಗ ಹೂವು ಸರಿಸಿ ನಕ್ಕ. ನಾನು ಪೇಟ ಬೀಳುವಷ್ಟು ನಕ್ಕು, ಜನರ ನಡುವೆ ಅದನ್ನು ಹುಡುಕುತ್ತಾ ಪಕ್ಕಕ್ಕೆ ಹೋಗಿಬಿಟ್ಟೆ.

ಸಾರೋಟು ಮೆಟ್ಟಿಲಿಗೆ ಇನ್ನೂ ಎಂಟಡಿ ದೂರದಲ್ಲಿತ್ತು. ಬ್ಯಾಂಡು, ಚಿಕ್ಕಮ್ಮ ಎಲ್ಲ ಪಕ್ಕಕ್ಕೆ ಸರಿದಿದ್ದರಿಂದ ಅದರ ಮುಂದೆ ಯಾರೂ ಇರಲಿಲ್ಲ. ಸಾಹೇಬರು ನಾಲಿಗೆಯಲ್ಲಿ ಟಕ್ ಎಂದರು.

ಚಾಂದ್ ಮೊದಲು ಕಾಲೆತ್ತಿತು.