ಗಂಡಿನ ಕಡೆಯವನು ಬಂದ ದಿನ

ಆರೋಗ್ಯ ವಿಮೆ ಮಾಡಿಸುತ್ತಾ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಅಂತ ಅರ್ಧ ಆಯಸ್ಸು ಬೈಕಿನ ಮೇಲೇ ಕಳೆದಿದ್ದೇನೆ. ಕೂತಲ್ಲಿ ಕೂರಲಾರದ ಜೀವ ನನ್ನದು. ಅದಕ್ಕೆ ಸರಿಯಾಗಿ, ಕಾಯಿಲೆ ಇದೆಯಾ ಎಂದು ಕೇಳಿದ ಮನೆಯಲ್ಲೆಲ್ಲ ಏನಾದರೊಂದು ಮಾಡಿ ನನ್ನ ಬಿ.ಪಿ.ಯನ್ನೇ ಏರಿಸಿ ಕಳಿಸುತ್ತಾರೆ.

೧. ಎದೆ ತಟ್ಟಿದವರು

ಹ್ಯಾಂಡ್‌ಪೋಸ್ಟಿನ ಗೊಬ್ಬರದ ಅಂಗಡಿಯವರು ಪಾಲಿಸಿ ಬೇಕೆಂದರು. "ಶುಗರ್ ಏನಾದ್ರೂ ಇದೆಯಾ?" ಎಂದೆ.

"ಏನೂ ಇಲ್ಲ ಕಣ್ರೀ, ಗಟ್ಟಿಮುಟ್ಟಾಗಿವ್ನಿ" ಎಂದು ಎದೆ ತಟ್ಟಿಕೊಂಡರು.

ಅಷ್ಟರಲ್ಲಿ ಅವರ ಹೆಂಡತಿ ಕಾಫಿ ತಂದು, "ಇದು ನಿಮ್ದು, ಸಕ್ರೆ ಆಕಿಲ್ಲ. ಶುಗರ್ ಮಾತ್ರೆ ನುಂಗುದ್ರಾ?" ಎಂದರು.

ನನಗೆ ರೇಗಿತು. "ಯಜಮಾನ್ರೇ, ಮೊದಲೇ ಇದ್ದ ಕಾಯಿಲೆ ಮುಚ್ಚಿಟ್ರೆ ಕಂಪನಿ ಬಿಡಿಗಾಸೂ ಕೊಡಲ್ಲ" ಎಂದೆ.

ಅವರು ನಿಧಾನವಾಗಿ ಕಾಫಿ ಹೀರಿದರು. "ಮಾತ್ರೆ ನುಂಗ್ತಾ ಇವ್ನಲ್ಲ, ಇನ್ನೆಲ್ಲಿ ಇದ್ದದು ಕಾಯ್ಲೆ?"

೨. ಮೂರು ವರ್ಷ

ಗಾವಡಗೆರೆ ಹತ್ತಿರದ ಹಳ್ಳಿಯಲ್ಲಿ ಒಬ್ಬ ಅಂಗನವಾಡಿ ಟೀಚರ್ ಇದ್ದಾರೆ. ಮದುವೆಯಾಗಿಲ್ಲ, ತಾಯಿಯ ಜೊತೆ ಇದ್ದಾರೆ. ವಿಪರೀತ ತೂಕ, ಜೊತೆಗೆ ಶುಗರ್. ಮಕ್ಕಳ ಜೊತೆ ನೆಲದ ಮೇಲೆ ಕೂತರೆ ಎಬ್ಬಿಸಲು ಇಬ್ಬರು ಬರಬೇಕು. ತೂಕ ಇಳಿಸುವ ಆಪರೇಷನ್ ಒಂದೇ ದಾರಿ ಎಂದು ಮೈಸೂರಿನ ಡಾಕ್ಟರು ಹೇಳಿದ್ದರು. ನನ್ನ ಬದುಕಿನಲ್ಲಿ ಕೇಳುವ ಮೊದಲೇ ಕಾಯಿಲೆ ಹೇಳಿದ ಗಿರಾಕಿ ಅವರೊಬ್ಬರೇ. "ಶುಗರ್ ಇದೆ ಸಾರ್, ಹಂಗೇ ಬರ್ಕೊಳಿ" ಎಂದರು.

ಇದ್ದ ಕಾಯಿಲೆಗೂ ಈ ಆಪರೇಷನ್ನಿಗೂ ಮೂರು ವರ್ಷ ಕಾಯಬೇಕು ಎಂದೆ. ಒಳಗಿನಿಂದ ತಾಯಿ ಸೌಟು ಹಿಡಿದೇ ಬಂದರು.

"ಬರ್ದೇ ಇರೋ ಕಾಯ್ಲೆಗೆ ಈಗ್ಲೇ ಕೊಡ್ತೀರಾ, ಇರೋ ಕಾಯ್ಲೆಗೆ ಮೂರ್ ವರ್ಷ ಕಾಯ್ಬೇಕಾ? ನಿನ್ ಕಂಪ್ನೀಗೇ ಏನೋ ಕಾಯ್ಲೆ ಅದೆ, ಮೊದ್ಲು ಅದನ್ನ ತೋರ್ಸಪ್ಪ!"

೩. ಮನೆ ನೋಡಲು ಬಂದವನು

ಮೂರು ವರ್ಷವೂ ಕಳೆಯಿತು. ಸೋಮವಾರ ಟೀಚರ್ ಆಪರೇಷನ್ ಎಂದು ನಿಗದಿಯಾಯಿತು. ಅದಕ್ಕೆ ಮೊದಲು ಖರ್ಚು ಕೊಡಲು ಕಂಪನಿ ಒಪ್ಪಬೇಕು. ನಾನು ಫೋನನ್ನು ಕೈಯಲ್ಲೇ ಹಿಡಿದು ಮನೆಯೊಳಗೆ ಶತಪಥ ಹಾಕುತ್ತಿದ್ದೆ. ಗುರುವಾರ ಕಂಪನಿಯಿಂದ ಫೋನು ಬಂತು. ಮನೆಯವರ ಮಾತಿಗೂ ಆಸ್ಪತ್ರೆಯ ಕಾಗದಕ್ಕೂ ತಾಳೆ ಇಲ್ಲ, ಸದ್ಯಕ್ಕೆ ತಡೆಹಿಡಿದಿದ್ದೇವೆ ಅಂತ. ತಕ್ಷಣ ಬೈಕು ಹತ್ತಿ ಟೀಚರ್ ಮನೆಗೆ ಹೋದೆ.

ಆದದ್ದಿಷ್ಟು. ಟೀಚರ್ ಮನೆಯಲ್ಲಿಲ್ಲದ ಹೊತ್ತಿನಲ್ಲಿ ಕಂಪನಿಯ ವಿಚಾರಣೆಯವನು ಬಂದಿದ್ದ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹಳ್ಳಿಯ ಅಂಗಡಿಯಲ್ಲಿ ನಿಂತು ಆ ಮನೆಯ ಮಗಳು ಹೇಗೆ, ಆರೋಗ್ಯ ಹೇಗೆ ಎಂದು ಕೇಳಿದ್ದಾನೆ. ನಮ್ಮ ಕಡೆ ಹೀಗೆ ಕೇಳುವವರು ಗಂಡಿನ ಕಡೆಯವರೇ. ಅಂಗಡಿಯವನು ಓಡಿಹೋಗಿ ತಾಯಿಗೆ ಸುದ್ದಿ ಮುಟ್ಟಿಸಿದ್ದಾನೆ. ವಿಚಾರಣೆಯವನು ಮನೆ ಮುಟ್ಟುವುದರೊಳಗೆ ಒಲೆಯ ಮೇಲೆ ಕೇಸರಿಬಾತ್!

"ಮಗಳಿಗೆ ಶುಗರ್ ಎಷ್ಟು ವರ್ಷದಿಂದ?" ಎಂದನಂತೆ.

"ಯಾವ್ ಹೊಟ್ಟೆಕಿಚ್ಚಿನೋರು ಹೇಳಿದ್ರು? ನಮ್ ವಂಶದಲ್ಲೇ ಇಲ್ಲ."

"ತೂಕ?"

"ಹೂವಿನಂಗವ್ಳೆ."

ಕೇಳಿ ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. "ಅಮ್ಮ, ಅವನು ಕಂಪನಿಯವನು, ಮೊದಲೇ ಇದ್ದದ್ದನ್ನ ಮುಚ್ಚಿಟ್ರೆ ಏನೂ ಸಿಕ್ಕಲ್ಲ" ಎಂದೆ. ಟೀಚರ್ ಮಾತ್ರ ಗೋಡೆಗೊರಗಿ ಕೂತು, "ಮೂರ್ ವರ್ಷ ಕಾದೆ ಕಣವ್ವ" ಎಂದಷ್ಟೇ ಹೇಳಿದರು. ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಅವನ್ನ ಇನ್ನೊಂದ್ ಸಲ ಕರ್ಕೊಂಡ್ ಬಾರಪ್ಪ" ಎಂದರು.

೪. ಎರಡನೆಯ ತಟ್ಟೆ

ಕೈಕಾಲು ಹಿಡಿದು ಮಾರನೆಯ ದಿನ ಅವನನ್ನು ಮತ್ತೆ ಕರೆತಂದೆ. ಮತ್ತೆ ಕೇಸರಿಬಾತ್ ಬಂತು. ತಾಯಿ ಈ ಸಲ ಏನನ್ನೂ ಮುಚ್ಚಿಡಲಿಲ್ಲ. ಶುಗರ್, ಮಂಡಿನೋವು, ಗೊರಕೆ, ಬಾಲ್ಯದಲ್ಲಿ ಬಂದ ಕಜ್ಜಿಯವರೆಗೂ ಹೇಳಿದರು. ತೂಕಕ್ಕೆ ಬಂದಾಗ ಟೀಚರ್ ತಾವೇ ಎದ್ದರು. ಜಗಲಿಯಲ್ಲಿದ್ದ ಹೊಗೆಸೊಪ್ಪಿನ ಮೂಟೆ ತೂಗುವ ಕಾಟಾದ ಮೇಲೆ ಹೋಗಿ ನಿಂತು, "ನೋಡ್ಕೊಳಿ ಸಾರ್" ಎಂದರು. ಅವನು ನೋಡಿ ತಲೆ ತಗ್ಗಿಸಿ, "ಇವತ್ತೇ ವರದಿ ಕಳಿಸ್ತೀನಿ ಮೇಡಂ. ಸೋಮವಾರ ಆಪರೇಷನ್ನಿಗೆ ತೊಂದ್ರೆ ಇಲ್ಲ" ಎಂದ. ಆಗ ನಾನು ನೆಮ್ಮದಿಯಾಗಿ ಕೂತೆ.

ಅವನು ಕೇಸರಿಬಾತಿಗೆ ಚಮಚ ಹಾಕುವಷ್ಟರಲ್ಲಿ ತಾಯಿ ಎದುರಿಗೆ ಬಂದು ಕೂತರು.

"ನಮ್ದೆಲ್ಲ ಹೇಳಾಯ್ತು. ಈಗ ನಿಮ್ದು ಹೇಳಿ. ಮದ್ವೆ ಆಗದಾ?"

"ಆಗಿದೆ ಅಮ್ಮ, ನಾಲ್ಕು ವರ್ಷ ಆಯ್ತು."

ತಾಯಿ ಅವನ ಮುಂದಿನ ತಟ್ಟೆ ಎತ್ತಿಕೊಂಡು ನನ್ನ ಕಡೆ ತಿರುಗಿದರು.

"ಮೊದ್ಲೇ ಇದ್ದದ್ದನ್ನ ಮುಚ್ಚಿಟ್ರೆ ಏನೂ ಸಿಕ್ಕಲ್ಲ ಅಂತ ನೀನೇ ಅಂದಿದ್ದಲ್ವೇನಪ್ಪ?"