ತೂತಿನ ದೋಣಿಗೆ ರಿಯಾಯಿತಿ

ಅಂಗಾರ ಜಯಲತಾಳನ್ನು ಮೊದಲು ಕಂಡದ್ದು ಠಾಣೆ ಪಟ್ಟಣದ ನೌಪಾಡಾ ಪೇಟೆಯಲ್ಲಿ, ಒಂದು ಪಾತ್ರೆಯಂಗಡಿಯೊಳಗೆ. ಆಗ ಅವನು ಅಲ್ಲೇ ಹತ್ತಿರದ ಉಡುಪಿ ಹೋಟೆಲೊಂದರ ಗಲ್ಲಾದಲ್ಲಿ ಕೂರುತ್ತಿದ್ದ. ಹೋಟೆಲಿಗೆ ದೊಡ್ಡ ಇಡ್ಲಿ ಪಾತ್ರೆ ಕೊಳ್ಳಲು ಬಂದವನು ಅದರ ಹೊರಮೈಯಲ್ಲೊಂದು ನಗ್ಗು ಕಂಡುಹಿಡಿದು, ಬೆಲೆ ಇಳಿಸೆಂದು ಅಂಗಡಿಯವನ ಜೀವ ತಿನ್ನುತ್ತಿದ್ದ. ಹಿಂದೆ ತಾಯಿಯೊಂದಿಗೆ ಕಾಯುತ್ತಿದ್ದ ಹುಡುಗಿಗೆ ಸಾಕಾಗಿಹೋಯಿತು.

“ಇಡ್ಲಿ ಬೇಯುವುದು ಒಳಗಲ್ಲವಾ ಮಾರಾಯ್ರೆ?” ಎಂದಳು ಅವಳು. “ಹೊರಗಿನ ನಗ್ಗಿಗೆ ಎಷ್ಟು ಹೊತ್ತು ಅಳುತ್ತೀರಿ?”

ಆ ದಿನ ಅಂಗಾರ ಅಂಗಡಿಯವನು ಕೇಳಿದ ಬೆಲೆಯನ್ನೇ ಕೊಟ್ಟು ಬಂದ. ಅವನ ಜೀವಮಾನದಲ್ಲಿ ಹಾಗಾದದ್ದು ಅದೊಂದೇ ಸಲ. ವರ್ಷ ತುಂಬುವುದರೊಳಗೆ ಅವಳನ್ನೇ ಮದುವೆಯಾದ.

ಮದುವೆಯಿಂದ ಮನುಷ್ಯನ ವಿಳಾಸ ಬದಲಾದೀತು, ಗುಣ ಬದಲಾದೀತೇ! ಕುಂದು ಹುಡುಕಿ ಬೆಲೆ ಇಳಿಸುವುದು ಅಂಗಾರನ ಕುಲವಿದ್ಯೆಯಾಗಿ ಮುಂದುವರಿಯಿತು. ಕಾಮೋಠೆಯಲ್ಲಿ ಅವರು ಕೊಂಡ ಫ್ಲಾಟು ಕ್ರಮೇಣ ಸಾಮಾನುಗಳ ಆಸ್ಪತ್ರೆಯಾಯಿತು. ಕಾಲು ಗಿಡ್ಡವಾದ ಮೇಜು, ಬಾಗಿಲು ನಿಲ್ಲದ ಕಪಾಟು, ಬಲಕ್ಕೆ ಮಾತ್ರ ಕತ್ತು ತಿರುಗಿಸುವ ಫ್ಯಾನು. ಎಲ್ಲಕ್ಕೂ ಅವನದೇ ಚಿಕಿತ್ಸೆ. ಅವನ ವಿದ್ಯೆಗೆ ಇನ್ನೊಂದು ಸೂತ್ರವೂ ಇತ್ತು: ಮಾರುವವನಿಗೆ ಮಾತಾಡಲು ಬಿಡಬಾರದು. ಅವನು ಬಾಯಿ ತೆರೆದಷ್ಟೂ ಬೆಲೆ ಏರುತ್ತದೆ.

ಹೋಟೆಲಿನ ಮ್ಯಾನೇಜರನಾಗಿ ನಿವೃತ್ತನಾದ ಮೇಲೆ ಈ ವಿದ್ವಾಂಸ ಮನೆಯ ಅಡುಗೆಮನೆಗೆ ಪಾದ ಬೆಳೆಸಿದ. ಜಯಲತಾ ಒಗ್ಗರಣೆ ಹಾಕಿದರೆ ಹಿಂದೆ ಇವನ ಕೆಮ್ಮು. ತೆಂಗಿನಕಾಯಿ ತುರಿದರೆ ಇವನ ಲೆಕ್ಕಪರಿಶೋಧನೆ. ಅವಳು ಮೀನು ತಂದರೆ ಕಿವಿರು ಎತ್ತಿ ನೋಡಿ, ಐಸಿನಲ್ಲಿಟ್ಟದ್ದೆಂದು ತೀರ್ಪು ಕೊಡುತ್ತಿದ್ದ. ಒಂದು ದಿನ ಅವಳು ಬಂಗುಡೆಯ ತಟ್ಟೆಯನ್ನು ಅವನ ಮುಂದೆ ಕುಕ್ಕಿ, ಅಷ್ಟು ತಾಜಾ ಬೇಕಾದರೆ ಕಡಲಿಗೇ ಹೋಗಿ ಹಿಡಿದು ತನ್ನಿ ಎಂದಳು.

“ತರುತ್ತೇನೆ,” ಎಂದ ಅಂಗಾರ ಎದ್ದುನಿಂತು. “ಸ್ವಂತ ದೋಣಿ ಕೊಂಡು, ಸ್ವಂತ ಗಾಳ ಹಾಕಿ ತರುತ್ತೇನೆ. ಇನ್ನು ಈ ಮನೆಗೆ ಮಾರ್ಕೆಟ್ಟಿನ ಮೀನು ಬರಕೂಡದು!”

“ತರದಿದ್ದರೆ?”

“ಮೊದಲ ಸವಾರಿಯಲ್ಲೇ ಮೀನು ತರದಿದ್ದರೆ ನಾನು ಈ ಅಡುಗೆಮನೆಯ ಹೊಸ್ತಿಲು ದಾಟುವುದಿಲ್ಲ. ತಂದರೆ ಮಾತ್ರ ಒಗ್ಗರಣೆಯೂ ನನ್ನ ಹುಕುಮಿನಂತೆ.”

ಜಯಲತಾ ದೇವರ ಗೂಡಿನ ಕಡೆ ತಿರುಗಿ ಮನಸ್ಸಿನಲ್ಲೇ ಕೈಮುಗಿದಳು. ಮೂವತ್ತು ವರ್ಷ ತಾನು ಆಳಿದ ಅಡುಗೆಮನೆ ಈಗ ಒಂದು ಮೀನಿನ ಬಾಯಲ್ಲಿತ್ತು.

ಒಬ್ಬನೇ ಕೂತು ಎರಡೂ ಬದಿಗೆ ಹುಟ್ಟು ಹಾಕುವ ಕಯಾಕ್ ಎಂಬ ಸಪೂರ ದೋಣಿಯೇ ತನ್ನ ಜೇಬಿಗೆ ಸರಿ ಎಂದು ಅಂಗಾರ ಮೊಬೈಲಿನಲ್ಲಿ ನೋಡಿ ತೀರ್ಮಾನಿಸಿದ. ಗಾಳಿ ತುಂಬುವ ಕಯಾಕ್ ಎಲ್ಲಕ್ಕಿಂತ ಅಗ್ಗ. ಆದರೆ ಕೈಯಲ್ಲಿ ಚೂಪು ಗಾಳ ಹಿಡಿದು ಬಲೂನಿನ ಮೇಲೆ ಕೂರುವುದು ಅವನಿಗೆ ಸರಿಕಾಣಲಿಲ್ಲ. ಕಾಲನ್ನು ಒಳಗೆ ತೂರಿಸಿ ಕೂರುವಂಥದ್ದನ್ನು ಬೇಲಾಪುರದ ಅಂಗಡಿಯೊಂದರಲ್ಲಿ ಪರೀಕ್ಷಿಸಿದ. ಒಳಗೆ ಹೋದ, ಹೊರಗೆ ಬರಲಿಲ್ಲ. ಹೋಟೆಲಿನಲ್ಲಿ ತಿಂದ ಮಸಾಲೆ ದೋಸೆಗಳೆಲ್ಲ ಒಟ್ಟಾಗಿ ಸೊಂಟದಲ್ಲಿ ಮುಷ್ಕರ ಹೂಡಿದ್ದವು. ಅಂಗಡಿಯ ಇಬ್ಬರು ಕಂಕುಳಿಗೆ ಕೈಕೊಟ್ಟು ಎಳೆದಾಗ ಸೀಸೆಯ ಬಿರಡೆಯಂತೆ ಕಳಚಿಕೊಂಡ. ಪೆಡಲು ತುಳಿದು ಓಡಿಸುವ ಕಯಾಕಿನ ಬೆಲೆ ಕೇಳಿದಾಗ, ಆ ದುಡ್ಡಿಗೆ ಸ್ಕೂಟರೇ ಬರುತ್ತದಲ್ಲ ಎಂದು ನಮಸ್ಕಾರ ಹೇಳಿ ಬಂದ.

ಕೊನೆಗೆ ಪನವೇಲಿನಲ್ಲಿ, ನೀರಾಟದ ವ್ಯಾಪಾರ ಮುಚ್ಚುತ್ತಿದ್ದ ಒಬ್ಬನ ಬಳಿ ಹಳೆಯದೊಂದು ಸಿಕ್ಕಿತು. ಮಂಚದಂತೆ ಅಗಲ; ಒಳಗೆ ತೂರಬೇಕಿಲ್ಲ, ಮೇಲೆಯೇ ಕೂರಬಹುದು. ಅಂಗಾರ ಬಗ್ಗಿ ನೋಡಿದ. ಕೂರುವ ತಾವಿನಿಂದ ತಳದವರೆಗೆ ಆರಪಾರ ತೂತುಗಳು! ಒಂದಲ್ಲ, ಹಲವು! ನಗ್ಗಿಗೇ ರಿಯಾಯಿತಿ ಕೇಳಿದ ಮಹಾನುಭಾವನಿಗೆ ತೂತಿನ ದೋಣಿ ಸಿಕ್ಕರೆ ಹೇಗಿರಬೇಡ!

“ಅಂಕಲ್, ವೋ ತೋ…” ಎಂದು ಮಾರುವವನು ಬಾಯಿ ತೆರೆದ. ಅಂಗಾರ ಅಂಗೈ ಎತ್ತಿ ತಡೆದ. ಆತ ಮತ್ತೆ ತೆರೆದ. ಇವನು ಮತ್ತೆ ತಡೆದ. ಪ್ರತಿ ಸಲವೂ ಬೆಲೆ ಇನ್ನಷ್ಟು ಇಳಿಯಿತು. ಕಯಾಕನ್ನು ಟೆಂಪೋಗೆ ಏರಿಸಿ ಹೊರಟಾಗಲೂ ಆ ಬಡಪಾಯಿ, “ಅಂಕಲ್, ಸುನಿಯೇ ತೋ!” ಎಂದು ಒಂದು ಮಾತು ಕೇಳಲು ಅಂಗಲಾಚುತ್ತ ಗೇಟಿನವರೆಗೆ ಓಡಿಬಂದ. ಬೆಲೆ ಸಾಲದೆಂದು ಗೋಳಾಡುತ್ತಿದ್ದಾನೆ ಎಂದು ಅಂಗಾರ ಹೆಮ್ಮೆಪಟ್ಟ.

ಬಿಲ್ಡಿಂಗಿನ ಪಾರ್ಕಿಂಗಿನಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. ಪೈಪು ಸೋರಿದರೆ ಮೆತ್ತುವ ಗಟ್ಟಿ ಅಂಟನ್ನು ಒಂದೊಂದು ತೂತಿಗೂ ಇಟ್ಟು, ಅದು ಕಲ್ಲಾದ ಮೇಲೆ ನೀರು ಸುರಿದು ನೋಡಿದ. ಒಂದು ಹನಿಯೂ ಕೆಳಗಿಳಿಯಲಿಲ್ಲ. ನೋಡಲು ನೆರೆದವರು ಚಪ್ಪಾಳೆ ತಟ್ಟಿದರು. ಮಗಳು ಮಾನಸಿ ಮಾತ್ರ, ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಹಿಂದಿಯಲ್ಲಿ ಉತ್ತರಿಸುವವಳು, ಹೊಚ್ಚಹೊಸ ಲೈಫ್ ಜಾಕೆಟ್ ತಂದು ಅಪ್ಪನ ಕೊರಳಿಗೆ ತೊಡಿಸಿದಳು. “ಬೋಟ್ ಸಸ್ತಾ ಚಲೇಗಾ ಪಪ್ಪಾ, ಯೇ ನಹೀ.” ದೋಣಿ ಅಗ್ಗದ್ದಾದರೂ ನಡೆದೀತು, ಇದು ನಡೆಯದು ಎಂಬುದು ಅವಳ ಕಟ್ಟಪ್ಪಣೆ. ಜಾಕೆಟಿನಲ್ಲೂ ಕುಂದು ಹುಡುಕಿದ ಅಂಗಾರನಿಗೆ ಏನೂ ಸಿಗಲಿಲ್ಲ.

ಮಳೆಗಾಲ ಮುಗಿದು ಕಡಲು ತಣ್ಣಗಾದ ಒಂದು ಬೆಳಗ್ಗೆ ಮೂವರೂ ಉರಣದ ತೀರಕ್ಕೆ ಹೋದರು. ಜಯಲತಾ ಡಬ್ಬಿಯಲ್ಲಿ ಇಡ್ಲಿ ಕಟ್ಟಿಕೊಟ್ಟಳು. ಅಂಗಾರ ದಂಡಯಾತ್ರೆಗೆ ಹೊರಟ ಅರಸನಂತೆ ಕೈಬೀಸಿ ಹುಟ್ಟು ಹಾಕಿದ.

ಮೊದಲ ಅಲೆ ಮಡಿಲಿಗೆ ನೀರು ತಂದಿಟ್ಟು ಹೋಯಿತು. ಎರಡನೆಯದು ಇನ್ನಷ್ಟು ತಂದಿತು. ಬಂದ ನೀರು ಹೋಗಬೇಕಲ್ಲ! ಕಯಾಕ್ ಸ್ನಾನದ ತೊಟ್ಟಿಯಾಗಿ, ತೊಟ್ಟಿ ತೊಟ್ಟಿಲಾಗಿ ತೂಗತೊಡಗಿತು. ನೀರು ಎತ್ತಿಹಾಕಲು ಬೇರೇನೂ ಇಲ್ಲದೆ ಅಂಗಾರ ಡಬ್ಬಿ ತೆರೆದ. ಇಡ್ಲಿಗಳು ಸಾಲಾಗಿ ಸಮುದ್ರಕ್ಕಿಳಿದವು. ಮೀನು ಹಿಡಿಯಲು ಹೋದವನು ಮೀನುಗಳಿಗೆ ಉಪಾಹಾರ ಬಡಿಸಿದ; ಎಷ್ಟೆಂದರೂ ಹೋಟೆಲಿನವನು. ಮರುಕ್ಷಣ ಕಯಾಕ್ ಮಗುಚಿತು.

“ಜಯಾ! ಮಗಳನ್ನು ಚೆನ್ನಾಗಿ ನೋಡಿಕೋ!” ಎಂದು ಅಂಗಾರ ಕೊನೆಯ ಮಾತು ಹೇಳಿದ.

“ಪಪ್ಪಾ, ಖಡೇ ಹೋ ಜಾವೋ!” ಎಂದು ಕೂಗಿದಳು ಮಗಳು.

ಅಂಗಾರ ಎದ್ದುನಿಂತ. ನೀರು ಸೊಂಟದವರೆಗಿತ್ತು.

ಸೀರೆ ಎತ್ತಿಕಟ್ಟಿ ನೀರಿಗಿಳಿದು ಬಂದ ಜಯಲತಾ ಮೊದಲು ಅವನ ತೋಳು ಹಿಡಿದಳು, ಆಮೇಲೆ ದೋಣಿಯ ಹಗ್ಗ. ದಡಕ್ಕೆ ಬಂದ ಮೇಲೆ ಅವಳ ಕಣ್ಣು ಅಂಟಿನ ಗುಡ್ಡೆಗಳ ಮೇಲೆ ಬಿತ್ತು.

“ನಿಮ್ಮ ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಸಿಂಕಿನ ತೂತು ಕಟ್ಟಿದರೆ ಏನು ಮಾಡುತ್ತಿದ್ದಿರಿ?”

“ಬೈಯುತ್ತಿದ್ದೆ,” ಎಂದ ಅಂಗಾರ. ಹೇಳಿದ ಮೇಲೆ ಅವನಿಗೇ ಹೊಳೆಯಿತು. ಮಾನಸಿ ಪನವೇಲಿಗೆ ಫೋನು ಮಾಡಿದಳು. ಮೇಲೆ ಬಿದ್ದ ಅಲೆಯ ನೀರು ಇಳಿದುಹೋಗಲಿ ಎಂದೇ ತಯಾರಕರು ಆ ತೂತುಗಳನ್ನು ಇಟ್ಟಿದ್ದರಂತೆ. ದೋಣಿಯ ಹೊಟ್ಟೆ ಬೇರೆಯೇ, ಅದಕ್ಕೆ ನೀರು ಹೋಗುವುದಿಲ್ಲವಂತೆ. ಅದನ್ನೇ ಹೇಳಲು ಹೊರಟರೆ ಅಂಕಲ್ ಬಿಡಲಿಲ್ಲವಂತೆ.

ಕೊಟ್ಟ ಮಾತಿನಂತೆ ಅಂಗಾರ ಅಡುಗೆಮನೆಯ ಹೊರಗುಳಿದ. ಕಯಾಕನ್ನು ಸಿಕ್ಕಿದ ಬೆಲೆಗೆ ಮಾರಿಬಿಡುವ ಎಂದ. ಜಯಲತಾ ಒಪ್ಪಲಿಲ್ಲ. ಪಾರ್ಕಿಂಗಿನಲ್ಲಿ ಕುಕ್ಕುರುಗಾಲಲ್ಲಿ ಕೂತು ಸ್ಕ್ರೂಡ್ರೈವರಿನಿಂದ ಅಂಟನ್ನು ತಾನೇ ಕುಟ್ಟಿ ಕೀಳತೊಡಗಿದಳು. ಅಂಗಾರ ಪಕ್ಕದಲ್ಲಿ ಕಯಾಕ್ ಅಲುಗದಂತೆ ಹಿಡಿದುಕೂತ.

“ಇಂಥವನ ಜೊತೆ ಹೇಗೆ ಏಗಿದೆ ಮಾರಾಯ್ತಿ?” ಎಂದ ಮೆಲ್ಲಗೆ.

“ಪಾತ್ರೆಯಂಗಡಿಯಲ್ಲೇ ನಿಮ್ಮ ತೂತುಗಳೆಲ್ಲ ಕಂಡಿದ್ದವು,” ಎಂದಳು ಅವಳು ತಲೆ ಎತ್ತದೆ. “ಒಂದನ್ನೂ ಮುಚ್ಚಲು ಹೋಗಲಿಲ್ಲ. ಅದಕ್ಕೇ ಇಷ್ಟು ವರ್ಷ ಮುಳುಗದೆ ಬಂದದ್ದು.”

ಚೌಕಾಸಿಗೆ ಜಾಗವೇ ಇಲ್ಲದ ಮಾತು ಅಂಗಾರ ಕೇಳಿದ್ದು ಅದು ಎರಡನೆಯ ಸಲ. ಎರಡೂ ಸಲ ಹೇಳಿದವಳು ಅವಳೇ.

ಈಗ ಭಾನುವಾರಗಳಲ್ಲಿ ಅಂಗಾರ ಮಗಳು ಕೊಟ್ಟ ಜಾಕೆಟ್ ತೊಟ್ಟು, ದಡ ಕಾಣುವಷ್ಟೇ ದೂರದಲ್ಲಿ ಗಾಳ ಹಾಕುತ್ತಾನೆ. ಅಲೆ ಬರುತ್ತದೆ, ತೂತಿನಿಂದ ಇಳಿದುಹೋಗುತ್ತದೆ. ಪ್ರತಿ ಸಲವೂ ಅವನಿಗೆ ಮನೆಯ ನೆನಪಾಗುತ್ತದೆ. ಅಂಗಡಿಗೆ ಹೋದರೆ ಮಾರುವವನ ಮಾತು ಮುಗಿಯುವವರೆಗೆ ಕಾಯುತ್ತಾನೆ. ಅಪರೂಪಕ್ಕೆ ಮೀನು ಸಿಕ್ಕಿದ ದಿನ ಹೊಸ್ತಿಲಾಚೆ ನಿಂತು, ಇವತ್ತು ಒಳಗೆ ಬರಬಹುದಾ ಎಂದು ಕೇಳುತ್ತಾನೆ.

ಜಯಲತಾ ಮೀನಿನ ಕಿವಿರು ಎತ್ತಿ, ತಿರುಗಿಸಿ, ಮುರುಗಿಸಿ ನೋಡುತ್ತಾಳೆ.

“ಇಷ್ಟು ಸಣ್ಣದಕ್ಕೆ ಹೊಸ್ತಿಲವರೆಗೆ ಮಾತ್ರ,” ಎನ್ನುತ್ತಾಳೆ.

ಅಂಗಾರ ಚೌಕಾಸಿ ಮಾಡದೆ ಹೊಸ್ತಿಲ ಹೊರಗೆ ಕಾಲುಮಡಚಿ ಕೂತು, ಅವಳು ಕೊಟ್ಟ ಬೆಳ್ಳುಳ್ಳಿ ಸುಲಿಯುತ್ತಾನೆ.