ಪೂತ ಮಾರ್ಕಿನ ಓಲೆ

ಬೀಡಿಗೆ ಮಾರ್ಕಿದೆ, ಬೆಂಕಿಪೊಟ್ಟಣಕ್ಕೆ ಮಾರ್ಕಿದೆ, ನಶ್ಯಕ್ಕೂ ಮಾರ್ಕಿದೆ. ಹೆಂಗಸರ ಕಿವಿಯ ಓಲೆಗೆ ಮಾತ್ರ ಯಾಕಿಲ್ಲ ಎಂಬ ಪ್ರಶ್ನೆ ಚಿಂತಾಮಣಿಯ ಚಲಪತಿ ಪಂಡಿತರಿಗೆ ಹೊಳೆದದ್ದು ೧೯೬೩ರ ಬೇಸಿಗೆಯಲ್ಲಿ, ಹಲ್ಲುಜ್ಜುವಾಗ. ಹೈಸ್ಕೂಲಿನ ಕನ್ನಡ ಪಂಡಿತರ ಹುದ್ದೆಯಿಂದ ನಿವೃತ್ತರಾಗಿ ಅವರಿಗೆ ಎರಡು ತಿಂಗಳಾಗಿತ್ತು. (ನಿವೃತ್ತ ಗಂಡಸರಿಗೆ ಹಲ್ಲುಜ್ಜುವಾಗ ಹೊಳೆದ ವಿಚಾರಗಳಿಂದ ಎಷ್ಟು ಸಂಸಾರಗಳು ಹದಗೆಟ್ಟಿವೆ ಎಂಬ ಅಂಕಿ ಅಂಶವನ್ನು ಯಾವ ಸರಕಾರವೂ ಇಟ್ಟಂತಿಲ್ಲ.)

ವಿಚಾರಕ್ಕೆ ಕಾರಣವಿತ್ತು. ಹದಿನಾಲ್ಕು ಕ್ಯಾರಟ್ಟಿಗಿಂತ ಶುದ್ಧವಾದ ಚಿನ್ನದಲ್ಲಿ ಹೊಸ ಒಡವೆ ಮಾಡಕೂಡದು, ಮಾರಕೂಡದು ಎಂದು ಆ ವರ್ಷದ ಮೊದಲಲ್ಲೇ ಸರಕಾರದ ಅಪ್ಪಣೆಯಾಗಿತ್ತು. ಹದಿನಾಲ್ಕು ಕ್ಯಾರಟ್ಟನ್ನು ಚಿನ್ನವೆಂದು ಒಪ್ಪಲು ಹೆಂಗಸರು ತಯಾರಿರಲಿಲ್ಲ. ಅಕ್ಕಸಾಲಿಗರ ಕುಲುಮೆ ತಣ್ಣಗಾಯಿತು. ಮೂರು ತಲೆಮಾರಿನಿಂದ ಊರಿನ ಕಿವಿ ಮೂಗುಗಳ ಅಳತೆ ಬಲ್ಲ ಮನೆತನದ ಕೋನಪ್ಪಾಚಾರಿ ಅಂಗಡಿಯ ಮುಂದೆ ಕೂತು ಕೊಡೆಗಳ ಕಡ್ಡಿ ನೆಟ್ಟಗೆ ಮಾಡತೊಡಗಿದ್ದ. ಇಂಥ ಹೊತ್ತಿನಲ್ಲಿ ಹಿತ್ತಾಳೆಗೆ ಚಿನ್ನದ ನೀರು ಹಾಯಿಸಿ, ಅದಕ್ಕೊಂದು ಘನವಾದ ಹೆಸರಿಟ್ಟು ಮಾರಿದರೆ ಹೇಗೆ?

ಹೆಸರು ಒಂದು ಗಂಟೆಯಲ್ಲಿ ಸಿಕ್ಕಿತು. ಮಾಡುವ ಬಗೆ ಸಿಗಲು ಒಂದು ವಾರ ಹಿಡಿಯಿತು. ಪಂಡಿತರು ಹಳೆಯ ಉತ್ತರಪತ್ರಿಕೆಯ ಬೆನ್ನಿಗೆ ಮೂರು ಅಂಕಣ ಎಳೆದು, ಒಂದೊಂದರ ನೆತ್ತಿಗೂ ಒಂದೊಂದು ಪದ ಬರೆದು ಅಡುಗೆಮನೆಯ ಬಾಗಿಲಲ್ಲಿ ನಿಂತು ಓದಿದರು.

"ಹಸ್ತಕೌಶಲ. ಯಂತ್ರಮುದ್ರಣ. ಪರನಿರ್ಮಿತ."

ಅವರ ಹೆಂಡತಿ ಶ್ಯಾಮಲಮ್ಮ ಹುರುಳಿಕಾಳು ಆರಿಸುತ್ತಿದ್ದರು. ತಲೆ ಎತ್ತಲಿಲ್ಲ.

"ಅಂದ್ರೆ ಕೋನಪ್ಪನ ಕೈಲಿ ಮಾಡ್ಸೋದು, ಇಲ್ಲಾ ಅಚ್ಚೊತ್ತೋದು, ಇಲ್ಲಾ ಬೇರೆಯವರು ಮಾಡಿದ್ದಕ್ಕೆ ನಮ್ಮ ಹೆಸರು ಅಂಟ್ಸೋದು. ಅಷ್ಟೇ ತಾನೆ? ಮೂರನೇದೇ ಹಿಡೀರಿ. ಸ್ಕೂಲ್ ಡೇ ಪದ್ಯಗಳಲ್ಲಿ ನಿಮಗೆ ಅಭ್ಯಾಸ ಇದೆ."

"ಅದು ಪ್ರಭಾವ ಕಣೇ, ಅಂಟಿಸಿದ್ದಲ್ಲ!"

ಮೂರನೆಯ ಅಂಕಣ ಆ ಕ್ಷಣವೇ ರದ್ದಾಯಿತು. ಮೊದಲನೆಯದರ ಬಗ್ಗೆ ಕೋನಪ್ಪನನ್ನೇ ಕೇಳಿದರು.

"ಕೈಯಾಗೆ ಮಾಡಿದ್ರೆ ವಾರಕ್ಕೆ ಎರಡು ಜೊತೆ ಸ್ವಾಮಿ," ಎಂದ ಅವನು.

"ಒಂದೇ ಥರ ಇರ್ತವಾ?"

"ಯಾಕಿರ್ಬೇಕು? ಎಡಗಿವಿದು ಬಲಗಿವಿದಕ್ಕಿಂತ್ಲೇ ಒಂದು ಕೂದಲಷ್ಟು ಬೇರೆ ಇರ್ತದೆ. ಒಂದೂರಾಗೆ ಇಬ್ಬರು ಹೆಂಗಸ್ರಿಗೆ ಒಂದೇ ಓಲೆ ಮಾಡಿಕೊಟ್ಟು ನಮ್ಮಪ್ಪ ಒಂದ್ಸಲ ಊರು ಬಿಟ್ಟಿದ್ದ."

ಏಕರೂಪತೆಯೇ ನವಯುಗದ ಲಕ್ಷಣ ಎಂದು ನಲವತ್ತು ಜನರ ತರಗತಿಗೆ ಒಂದೇ ಪ್ರಬಂಧ ಬರೆಸಿದ್ದ ಪಂಡಿತರಿಗೆ ಈ ಮಾತು ಹಿಡಿಸಲಿಲ್ಲ. ಅಚ್ಚೇ ಸರಿ ಎಂದು ತೀರ್ಮಾನಿಸಿದರು. ಅಚ್ಚು ಕೊರೆಯಲು ಒಂದು ಮಾದರಿ ಬೇಕಿತ್ತು. ಊರಿನಲ್ಲಿ ಅತ್ಯಂತ ಚೆಲುವಾದ ಓಲೆ ಶ್ಯಾಮಲಮ್ಮನ ಕಿವಿಯಲ್ಲೇ ಇತ್ತು.

ಏಳು ಎಸಳಿನ ಹೂವಿನ ಓಲೆ ಅದು. ಮೇಲೂರಿನ ತವರಿನಲ್ಲಿ ರೇಷ್ಮೆಗೂಡು ಮೊದಲ ಸಲ ಕೈಹಿಡಿದ ವರ್ಷ ಶ್ಯಾಮಲಮ್ಮನ ತಾಯಿ ಅದನ್ನು ಕೋನಪ್ಪನ ತಂದೆಯಿಂದ ಮಾಡಿಸಿದ್ದರು. ಮದುವೆಯಾದಂದಿನಿಂದ ಮೇಲೂರಿನವರ ಮಗಳು ಎಂದು ಶ್ಯಾಮಲಮ್ಮನನ್ನು ಜನ ಗುರುತಿಸಿದ್ದು ಮುಖದಿಂದಲ್ಲ, ಆ ಓಲೆಯಿಂದ. ಹಾಗಾಗಿ ಅವರನ್ನು ಒಪ್ಪಿಸಲು ಪಂಡಿತರಿಗೆ ಮೂರು ದಿನ ಬೇಕಾಯಿತು. ಆ ಮೂರು ದಿನವೂ ಸಾರಿಗೆ ಉಪ್ಪಿರಲಿಲ್ಲ.

"ಹದಿನೈದು ದಿನ," ಎಂದರು ಶ್ಯಾಮಲಮ್ಮ ಕೊನೆಗೆ, ತಿರುಪು ಬಿಚ್ಚುತ್ತ. "ಹದಿನಾರನೇ ದಿನ ನನ್ನ ಕಿವೀಲಿರ್ಬೇಕು. ಇಲ್ಲದಿದ್ರೆ ಮೇಲೂರಿಗೆ ನಾನು ಹೋಗಲ್ಲ, ನಿಮ್ಮನ್ನ ಕಳಿಸ್ತೀನಿ. ನಮ್ಮಮ್ಮನಿಗೆ ನೀವೇ ಉತ್ತರ ಹೇಳಿ."

ಕೋನಪ್ಪ ಗೊಣಗುತ್ತಲೇ ಅಚ್ಚು ಕೊರೆದ. ಅವನ ದುರದೃಷ್ಟಕ್ಕೆ ಅವನಿಗೆ ಕೆಟ್ಟ ಕೆಲಸ ಮಾಡಲು ಬರುತ್ತಿರಲಿಲ್ಲ. ನೂರು ಜೊತೆ ಹಿತ್ತಾಳೆ ಓಲೆಗಳು ಒತ್ತಿ ಬಂದವು, ಚಿನ್ನದ ನೀರು ಕುಡಿದು ಹೊಳೆದವು. ಅವನ ತಂದೆ ಒಂದು ಎಸಳಿಗೆ ಅಕಸ್ಮಾತ್ತಾಗಿ ಹಾಕಿದ್ದ ಗೀರು ನೂರರಲ್ಲೂ ಹಾಗೇ ಇತ್ತು.

ಹದಿನೈದನೆಯ ದಿನ ಸಂತೆ. ಪಂಡಿತರು ಮಂಚ ಹಾಕಿ, ಕೆಂಪು ಬಟ್ಟೆ ಹಾಸಿ, ಹಿಂದೆ ಬೋರ್ಡು ನಿಲ್ಲಿಸಿದರು: "ಪೂತ ಆಭರಣಗಳು". ಪೂತ ಎಂದರೆ ಪರಿಶುದ್ಧ, ಪಾವನ. ಪಂಡಿತರು ಇದನ್ನು ನಿಘಂಟಿನಲ್ಲಿ ಎರಡು ಸಲ ನೋಡಿದ್ದರು. ಆದರೆ ಚಿಂತಾಮಣಿಯ ಸಂತೆ ಅರ್ಧ ನಡೆಯುವುದು ತೆಲುಗಿನಲ್ಲಿ, ತೆಲುಗಿನಲ್ಲಿ ಪೂತ ಎಂದರೆ ಮೇಲೆ ಬಳಿದ ಲೇಪ ಎಂಬುದನ್ನು ನೋಡಲು ಅವರ ಬಳಿ ಬೇರೆ ನಿಘಂಟಿರಲಿಲ್ಲ.

"ನೋಡಮ್ಮಾ," ಎಂದು ಕೆಂಚಾರ್ಲಹಳ್ಳಿಯ ಕದಿರಮ್ಮ ಜೊತೆಯವಳಿಗೆ ತೋರಿಸಿದಳು. ಗದ್ದೆ ತೋಟ ಇದ್ದ ಮನೆಯ ಯಜಮಾನಿ, ಅರವತ್ತರ ಹೆಂಗಸು. "ಮೇಲೆ ಬಳಿದಿದ್ದು ಅಂತ ಬೋರ್ಡ್ ಮೇಲೇ ಬರ್ದವ್ರೆ. ಇಷ್ಟು ನಿಜ ಹೇಳೋ ಯಾಪಾರಸ್ಥನ್ನ ನಾ ಕಂಡಿಲ್ಲ."

"ಪೂತ ಅಂದರೆ ಪವಿತ್ರ ಅಂತ ತಾಯಿ!"

"ಆಗ್ಲಿ ಬಿಡು ಅಯ್ಯವಾರೂ, ಒಪ್ಕೊಂಡ ಮೇಲೆ ಪವಿತ್ರವೇ."

ಈ ಪ್ರಾಮಾಣಿಕತೆಯ ಕೀರ್ತಿ ಮಂಚದಿಂದ ಮಂಚಕ್ಕೆ ಹಬ್ಬಿ ಮಧ್ಯಾಹ್ನದೊಳಗೆ ಅರ್ಧ ಸರಕು ಖಾಲಿಯಾಯಿತು. ಒಂದು ಜೊತೆಗೆ ಒಂದೂವರೆ ರೂಪಾಯಿ. ಗೆಲುವು ಪಂಡಿತರ ನೆತ್ತಿಗೇರಿತು. ಜೇಬಿನಲ್ಲಿ ಕಾಗದ ಸುತ್ತಿ ಇಟ್ಟಿದ್ದ ಶ್ಯಾಮಲಮ್ಮನ ಓಲೆ ತೆಗೆದು ಹಿತ್ತಾಳೆಯ ನಡುವೆ ಇಟ್ಟು, ಕೈ ಆಡಿಸಿ, "ಇದರಲ್ಲಿ ಒಂದು ಜೊತೆ ಅಪ್ಪಟ ಚಿನ್ನ! ಕಣ್ಣಲ್ಲಿ ಗುರುತಿಸಿ ನೋಡೋಣ!" ಎಂದು ಸವಾಲು ಹಾಕಿದರು. ಯಾರಿಗೂ ಆಗಲಿಲ್ಲ. ಪಂಡಿತರು ವಿಜಯದ ನಗೆ ನಕ್ಕು ಒಂದು ಜೊತೆ ಎತ್ತಿ ಜೇಬಿಗೆ ಹಾಕಿಕೊಂಡರು. ಯಾವ ಜೊತೆ ಎಂದು ಅವರೂ ನೋಡಿರಲಿಲ್ಲ. ಏಕರೂಪತೆ ಅಷ್ಟು ಸಂಪೂರ್ಣವಾಗಿತ್ತು.

ಕದಿರಮ್ಮ ಮಾತ್ರ ಕಣ್ಣನ್ನು ನಂಬದೆ ಒಂದೊಂದೇ ಜೊತೆಯನ್ನು ಅಂಗೈಯಲ್ಲಿಟ್ಟು ತೂಗಿ ನೋಡಿ, ಒಂದನ್ನು ಆರಿಸಿದಳು.

"ಇದು ಕೊಡು. ಇದು ಕೈಗೆ ಭಾರವಾಗೈತೆ."

"ಒಳ್ಳೇ ರತ್ನಪರೀಕ್ಷಕಿ ನೀವು!" ಎಂದು ಪಂಡಿತರು ಮೆಚ್ಚಿ ನಾಲ್ಕಾಣೆ ಕಡಿಮೆ ಮಾಡಿದರು.

ಮಾರನೆಯ ಬೆಳಿಗ್ಗೆ ಶ್ಯಾಮಲಮ್ಮ ಓಲೆ ಹಾಕಿಕೊಂಡು ಒಂದು ಸಲ ತಲೆ ಅಲ್ಲಾಡಿಸಿದರು. ಇನ್ನೊಂದು ಸಲ ಅಲ್ಲಾಡಿಸಿದರು.

"ಕಿವಿಗೆ ಗಾಳಿ ಕಟ್ಟಿದ ಹಾಗಿದೆ. ಇದು ನಂದಲ್ಲ."

"ನಿನ್ನದೇ ಕಣೇ. ನೋಡು, ಎಸಳಿನ ಮೇಲೆ ಗೀರು."

"ಗೀರು ನೂರರ ಮೇಲೂ ಇದೆ! ಭಾರ ಎಲ್ಲಿ? ನಮ್ಮಮ್ಮನ ಭಾರ ಎಲ್ಲಿ ಹೋಯ್ತು?"

ಭಾರ ಎಂಬ ಮಾತು ಕಿವಿಗೆ ಬಿದ್ದೊಡನೆ ಅದು ಎಲ್ಲಿ ಹೋಯಿತೆಂದು ಪಂಡಿತರಿಗೆ ಸ್ಪಷ್ಟವಾಗಿ ನೆನಪಾಯಿತು. ನಾಲ್ಕಾಣೆಯೂ ನೆನಪಾಯಿತು, ಅದನ್ನು ಹೇಳಲಿಲ್ಲ.

ಗಂಡ ಹೆಂಡತಿ ಇಬ್ಬರೂ ಹತ್ತು ಗಂಟೆಯ ಬಸ್ಸಿಗೆ ಕೆಂಚಾರ್ಲಹಳ್ಳಿಗೆ ಹೋದರು. ಕದಿರಮ್ಮ ಓಲೆ ಹಾಕಿಕೊಂಡೇ ಜಗಲಿಯಲ್ಲಿ ಕೂತಿದ್ದಳು. ನೀರು, ಬೆಲ್ಲ ಕೊಟ್ಟು, ಬಂದ ವಿಷಯ ಕೇಳಿದಳು.

"ಅಮ್ಮಾ, ನಿನ್ನೆ ನೀವು ತಗೊಂಡದ್ದು ಅಚಾತುರ್ಯದಿಂದ... ಅದು ಚಿನ್ನ," ಎಂದರು ಪಂಡಿತರು.

"ಚಿನ್ನಾನಾ?" ಕದಿರಮ್ಮ ಗಲ್ಲದ ಮೇಲೆ ಕೈಯಿಟ್ಟಳು. "ಅಯ್ಯಯ್ಯೋ. ಅಪ್ಪಟ ಚಿನ್ನದ ಒಡವೆ ಮಾರಿದ್ರೆ ಹಿಡ್ಕೊಂಡೋಗ್ತಾರಂತಲ್ಲ ಅಯ್ಯವಾರೂ? ಶ್ಯಾನುಭೋಗ್ರನ್ನ ಕರೆಸ್ಲಾ, ಬರ್ಕೊಳ್ಳಲಿ?"

"ಬೇಡ, ಬೇಡ! ಅದು ಹಿತ್ತಾಳೆಯೇ."

"ಹಿತ್ತಾಳೆ ಆದ್ರೆ ಬಸ್ ಹತ್ಕೊಂಡು ಯಾಕಪ್ಪಾ ಬಂದೆ?"

ನಲವತ್ತು ವರ್ಷ ಅಲಂಕಾರಶಾಸ್ತ್ರ ಕಲಿಸಿದ ಪಂಡಿತರಿಗೆ ಚಿನ್ನವೂ ಅಲ್ಲದ, ಹಿತ್ತಾಳೆಯೂ ಅಲ್ಲದ ಒಂದು ಪದ ಸಿಗಲಿಲ್ಲ. ಶ್ಯಾಮಲಮ್ಮ ಅವರನ್ನು ಪಕ್ಕಕ್ಕೆ ಸರಿಸಿ ಜಗಲಿಯ ಮೇಲೆ ಕೂತರು.

"ಅಕ್ಕಾ, ಅದು ನಮ್ಮಮ್ಮಂದು."

ಕದಿರಮ್ಮ ಅವರ ಬರಿಗಿವಿಯನ್ನೊಮ್ಮೆ ನೋಡಿದಳು. ತಿರುಪು ಬಿಚ್ಚಿದಳು.

"ಇಟ್ಕೋಮ್ಮಾ. ಎತ್ತಿದಾಗಲೇ ಗೊತ್ತಿತ್ತು ನಂಗೆ. ಬರ್ತೀರಾ ಅಂತಾನೂ ಗೊತ್ತಿತ್ತು. ಆದ್ರೆ ನಂಗೂ ಒಂದು ಓಲೆ ಬೇಕಲ್ಲ? ಅಚ್ಚಿಂದು ಬೇಡ. ನಮ್ಮನೆ ಕಳೆ ಕೀಳೋಳೂ ನಿನ್ನೆ ಅದೇ ತಗೊಂಡವ್ಳೆ. ಕೋನಪ್ಪನ ಕೈಲಿ ಮಾಡ್ಸಿಕೊಡಿ. ಇನ್ಯಾರ ಕಿವೀಲೂ ಇರ್ಬಾರ್ದು."

"ಚಿನ್ನ ಎಲ್ಲಿ ತರೋದು?" ಎಂದರು ಪಂಡಿತರು.

ಇಬ್ಬರು ಹೆಂಗಸರೂ ಅವರ ಬೆರಳಿನ ಕಡೆ ನೋಡಿದರು. ಮದುವೆಯಲ್ಲಿ ಮಾವ ಹಾಕಿದ್ದ ಉಂಗುರ ಅಲ್ಲಿತ್ತು.

ಉಂಗುರ ಸುಲಭವಾಗಿ ಬರಲಿಲ್ಲ. ಹರಳೆಣ್ಣೆ ತರಿಸಿದರು. ಒಬ್ಬರು ಕೈ ಹಿಡಿದರು, ಇನ್ನೊಬ್ಬರು ಎಳೆದರು. ಅದನ್ನು ಕರಗಿಸಿ, ತಾಮ್ರ ಬೆರೆಸಿ, ಕಾನೂನಿನ ಪ್ರಕಾರ ಹದಿನಾಲ್ಕು ಕ್ಯಾರಟ್ಟಿಗೆ ಇಳಿಸಿದರೆ ಒಂದು ಜೊತೆ ಆಗುತ್ತದೆಂದು ಕದಿರಮ್ಮನೇ ಲೆಕ್ಕ ಹೇಳಿದಳು. ಒಂದು ವಾರ, ಮೂರು ಅಂಕಣ ತಿಂದಿದ್ದ ಉತ್ಪಾದನಾ ವಿಧಾನದ ಸಮಸ್ಯೆ ಹೀಗೆ ಒಂದು ಚಮಚ ಹರಳೆಣ್ಣೆಯಲ್ಲಿ ಬಗೆಹರಿಯಿತು.

ವಾಪಸು ಬಸ್ಸಿನಲ್ಲಿ ಶ್ಯಾಮಲಮ್ಮ ತಾಯಿಯ ಓಲೆ ಹಾಕಿಕೊಂಡು ನೆಟ್ಟಗೆ ಕೂತಿದ್ದರು. ಹದಿನಾರು ದಿನಗಳಲ್ಲಿ ಮೊದಲ ಬಾರಿಗೆ ಅವರ ಮುಖ ಸಡಿಲವಾಗಿತ್ತು. ಎಣ್ಣೆ ಬೆರಳನ್ನು ಪಂಚೆಗೆ ಒರೆಸಿಕೊಳ್ಳುತ್ತ ಪಂಡಿತರೂ ಉಸಿರು ಬಿಟ್ಟರು.

ಎದುರು ಸೀಟಿನಲ್ಲಿ ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳು ಅತ್ತೆಯ ಜೊತೆ ಕೂತಿದ್ದಳು. ಅವಳ ಕಿವಿಯಲ್ಲೂ ಏಳು ಎಸಳಿನ ಹೂವು. ಅವಳು ಶ್ಯಾಮಲಮ್ಮನನ್ನು ನೋಡಿ ಸ್ನೇಹದಿಂದ ನಕ್ಕಳು. ಆಮೇಲೆ ಅತ್ತೆಯ ಕಡೆ ಬಾಗಿ, ಬಸ್ಸಿನ ಸದ್ದಿನಲ್ಲೂ ಎಲ್ಲರಿಗೂ ಕೇಳುವ ಪಿಸುಮಾತಿನಲ್ಲಿ ಹೇಳಿದಳು:

"ನೋಡತ್ತೇ, ಆಯಮ್ಮಾನೂ ಒಂದೂವರೆ ರೂಪಾಯಿಂದೇ ತಗೊಂಡವ್ರೆ. ಚಿನ್ನದ್ದು ಅನ್ನೋ ಹಂಗೆ ಕೂತವ್ರೆ ನೋಡಿ!"

ಪಂಡಿತರು ಕಿಟಕಿಯ ಆಚೆ ರಾಗಿ ಹೊಲಗಳನ್ನು ಗಮನವಿಟ್ಟು ನೋಡತೊಡಗಿದರು. ಪಕ್ಕದಲ್ಲಿ ತಿರುಪು ಬಿಚ್ಚುವ ಸಣ್ಣ ಸದ್ದು ಕೇಳಿಸಿತು. ಮೊದಲು ಎಡಗಿವಿಯದು, ಆಮೇಲೆ ಬಲಗಿವಿಯದು. ಅವರ ಎಣ್ಣೆಗೈಯನ್ನು ಎಳೆದು, ಬಿಡಿಸಿ, ಎರಡನ್ನೂ ಅಂಗೈ ಮೇಲಿಟ್ಟು, ಶ್ಯಾಮಲಮ್ಮ ತಣ್ಣಗೆ ಹೇಳಿದರು:

"ತಗೊಳ್ಳಿ. ನೀವೇ ಹಾಕ್ಕೊಳ್ಳಿ."